ಆಚೆಯ ಹಳಿ

ಡಬ್ಬಿಯ ಮುಚ್ಚಳ ಅಡುಗೆಮನೆಯ ಮೇಜಿನ ಮೇಲಿತ್ತು. ಡಬ್ಬಿ ಅದರ ಪಕ್ಕದಲ್ಲಿ, ಬರಿದಾಗಿ.

ಅಪ್ಪನಿಗೆಂದು ತಂದಿದ್ದ ಸಿಂಪಿಯ ಸಾರನ್ನು ಒಲೆಯ ಮೇಲಿಟ್ಟು ಗಡಿಯಾರ ನೋಡಿದೆ. ಹನ್ನೆರಡೂ ಮುಕ್ಕಾಲು. ಹೊಸ ಅಧ್ಯಕ್ಷನನ್ನು ಫಿಲಡೆಲ್ಫಿಯಾದಿಂದ ರಾಜಧಾನಿಗೆ ಕರೆದೊಯ್ಯುವ ರೈಲು ಎರಡು ಗಂಟೆಯ ಹೊತ್ತಿಗೆ ನಮ್ಮ ಊರು ಕಾರ್ಬಿನ್ಸ್ ಲ್ಯಾಂಡಿಂಗನ್ನು ಹಾದುಹೋಗಬೇಕಿತ್ತು.

"ಅಪ್ಪಾ!"

ಮುಂದಿನ ಕೋಣೆಯಲ್ಲಿ ಟಿ.ವಿ. ಸದ್ದಿಲ್ಲದೆ ಓಡುತ್ತಿತ್ತು. 'ಆ ಚಳಿಯಲ್ಲಿ ನಾನ್ಯಾಕೆ ಬರ್ಲಿ, ಇಲ್ಲೇ ಕೂತು ನೋಡ್ತೀನಿ' ಎಂದು ನಿನ್ನೆ ಮುಖ ತಿರುಗಿಸಿದ್ದ ನನ್ನ ತಂದೆ ಲೂಷಿಯಸ್ ಟಿಲ್‌ಮನ್ ತನ್ನ ಕುರ್ಚಿಯಲ್ಲಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಕಿತ್ತಳೆ ಬಣ್ಣದ ರೈಲ್ವೆ ಜಾಕೀಟೂ ಇರಲಿಲ್ಲ.

ಆ ಡಬ್ಬಿಯಲ್ಲಿದ್ದದ್ದು ಹಳಿ ಪಟಾಕಿಗಳು. ಈಗಿನ ರೈಲು ನೌಕರರಿಗೆ ಅವುಗಳ ಹೆಸರೂ ಗೊತ್ತಿರಲಾರದು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಿಲ್ಲೆ, ಒಳಗೆ ಮದ್ದು, ಎರಡು ಬದಿಗೆ ಸೀಸದ ಪಟ್ಟಿ. ಹಳಿಯ ಮೇಲಿಟ್ಟು ಪಟ್ಟಿಗಳನ್ನು ಮಡಚಿದರೆ ಅಲ್ಲೇ ಕೂರುತ್ತದೆ. ಎಂಜಿನ್ನಿನ ಚಕ್ರ ಹತ್ತಿದೊಡನೆ ಕೋವಿ ಹಾರಿದಂತೆ ಸಿಡಿಯುತ್ತದೆ. ಒಂದರ ಹಿಂದೊಂದು ಎರಡು ಸದ್ದು ಕೇಳಿದ ಚಾಲಕ, ಮುಂದೆ ಹಳಿಯ ಮೇಲೆ ಜನರಿದ್ದಾರೆಂದು ತಿಳಿದು ವೇಗ ತಗ್ಗಿಸಬೇಕು. ಹಳಿ ರಿಪೇರಿಯ ಗ್ಯಾಂಗಿನವರು ತಮ್ಮ ಪ್ರಾಣವನ್ನು ಕಾಯ್ದುಕೊಳ್ಳುತ್ತಿದ್ದ ವಿಧಾನವದು. ಅಪ್ಪ ಮೂವತ್ತಾರು ವರ್ಷ ಆ ಗ್ಯಾಂಗಿನಲ್ಲಿದ್ದ. ಕೊನೆಯ ಇಪ್ಪತ್ತು ವರ್ಷ ಅದರ ಮೇಸ್ತ್ರಿಯಾಗಿ.

ಸೇತುವೆ ಸೇತುವೆಗೂ ಬಂದೂಕು ಹಿಡಿದವರು ನಿಂತಿದ್ದ ದಿನವದು. ಹೊಸ ಅಧ್ಯಕ್ಷ ನಮ್ಮವನು, ನಮ್ಮ ಬಣ್ಣದವನು. ಅವನ ಪ್ರಾಣಕ್ಕೆ ಹೊಂಚು ಹಾಕಿರುವವರ ಸುದ್ದಿ ಚುನಾವಣೆ ಮುಗಿದಂದಿನಿಂದ ಎಲ್ಲರ ಬಾಯಲ್ಲಿತ್ತು. ಅಂಥ ರೈಲಿನ ದಾರಿಯಲ್ಲಿ, ಹಳಿಯ ಮೇಲೆ ಬಾಗಿ ಮದ್ದಿನ ಬಿಲ್ಲೆ ಕಟ್ಟುತ್ತಿರುವ ಮನುಷ್ಯನೊಬ್ಬ ಕಂಡರೆ, ಅವನ ವಯಸ್ಸೆಷ್ಟು, ಮನಸ್ಸಿನಲ್ಲೇನಿದೆ ಎಂದು ಯಾರೂ ಕೇಳಲಾರರು.

ಅಪ್ಪ ಹಾಗೇಕೆ ಹೋದನೆಂದು ನಾನು ಕ್ಷಣಮಾತ್ರವೂ ಯೋಚಿಸಬೇಕಾಗಿರಲಿಲ್ಲ.

ಅರವತ್ತೆಂಟರ ಜೂನಿನಲ್ಲಿ ಇದೇ ಹಳಿಯ ಮೇಲೆ ಇನ್ನೊಂದು ರೈಲು ಬಂದಿತ್ತು. ಅದರ ಕೊನೆಯ ಡಬ್ಬಿಯಲ್ಲಿ, ಗುಂಡೇಟಿಗೆ ಬಲಿಯಾದ ಸೆನೆಟರನ ಶವಪೆಟ್ಟಿಗೆ. ಅವನು ಬಿಳಿಯ, ಶ್ರೀಮಂತ; ಆದರೂ ನಮ್ಮ ಮನೆಗಳ ಗೋಡೆಗಳ ಮೇಲೆ ಯೇಸುವಿನ ಪಕ್ಕದಲ್ಲಿ ಅವನ ಚಿತ್ರವಿರುತ್ತಿತ್ತು. ಊರಿಗೆ ಊರೇ ಹಳಿಯ ಬದಿಗೆ ಬಂದಿತು. ಚರ್ಚಿನ ಹಾಡುಗಾರ್ತಿಯರ ಮುಂದಾಳು ನನ್ನ ಅಮ್ಮ ಕೊರಿನ್. ಪ್ಲಾಟ್‌ಫಾರಮ್ಮಿನಲ್ಲಿ ಕಾಲಿಡಲು ಜಾಗವಿಲ್ಲವೆಂದು ಅವಳು ಅಪ್ಪನನ್ನು ಕೇಳಿದಳು: "ಆಚೆ ಹಳಿ ಮೇಲೆ ನಿಲ್ಬಹುದಾ?"

ಗ್ಯಾಂಗಿನವರಿಗೆ ಮೊದಲ ದಿನವೇ ಬಾಯಿಪಾಠ ಮಾಡಿಸುವ ಮಾತೊಂದಿದೆ: ಯಾವ ಹಳಿಯ ಮೇಲೂ, ಯಾವ ದಿಕ್ಕಿನಿಂದಲೂ, ಯಾವ ಹೊತ್ತಿನಲ್ಲೂ ರೈಲು ಬಂದೀತು. ಆ ದಿನ ಅಪ್ಪನ ಜೇಬಿನಲ್ಲಿ, ಆಚೆಯ ಹಳಿಯ ಮೇಲೆ ಉತ್ತರಕ್ಕೆ ಹೋಗುವ ಗಾಡಿಗಳನ್ನೆಲ್ಲ ನಾಲ್ಕು ಗಂಟೆಯವರೆಗೆ ತಡೆಹಿಡಿಯಲಾಗಿದೆ ಎಂಬ ಅಪ್ಪಣೆಯ ಚೀಟಿ ಇತ್ತು. "ಆ ಹಳಿ ಇವತ್ತು ಸತ್ತ ಹಾಗೇ ಲೆಕ್ಕ. ನಿಂತ್ಕೊಳ್ಳಿ" ಎಂದ. ಅಪ್ಪಣೆ ಬದಲಾಗಿತ್ತು, ಯಾರೂ ಗ್ಯಾಂಗಿಗೆ ತಿಳಿಸಿರಲಿಲ್ಲ. ಶವದ ರೈಲು ಕಣ್ಣಿಗೆ ಬಿದ್ದು ಎಲ್ಲರೂ ಅತ್ತಲೇ ತಿರುಗಿದ್ದಾಗ, ಅವರ ಬೆನ್ನ ಹಿಂದಿನಿಂದ ಎಕ್ಸ್‌ಪ್ರೆಸ್ ಬಂದಿತು. ತಲೆಯ ಮೇಲೆ ಹೆಲಿಕಾಪ್ಟರ್. ಎಂಜಿನ್ನಿನ ಕೂಗು ಯಾರಿಗೂ ಕೇಳಿಸಲಿಲ್ಲ. ಅಮ್ಮ ಉಳಿದವರನ್ನು ತಳ್ಳಿದಳು. ಅವಳನ್ನು ತಳ್ಳುವವರು ಯಾರೂ ಇರಲಿಲ್ಲ. ಅಪ್ಪ ಹತ್ತು ಮಾರು ದೂರದಲ್ಲಿದ್ದ. ಅವನ ಹೆಗಲ ಮೇಲೆ ಎಂಟು ವರ್ಷದ ನಾನಿದ್ದೆ. ನನ್ನನ್ನು ಇಳಿಸಲು ಅವನು ಕಳೆದ ಆ ಎರಡು ಕ್ಷಣಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಎಂದೂ ಮಾತಾಡಿಲ್ಲ.

ನಾನು ಹಿತ್ತಿಲಿಗೆ ಓಡಿದೆ. ಬೇಲಿಯಾಚೆ ಮಿಸ್ ಅರ್ಲೆಟ್ಟಾ, ಎಂಬತ್ತೆರಡರ ನೆರೆಮನೆಯ ಹೆಂಗಸು, ನೇರಳೆ ಬಣ್ಣದ ಟೋಪಿಯನ್ನು ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಸರಿಪಡಿಸಿಕೊಳ್ಳುತ್ತಿದ್ದಳು.

"ಯಾರನ್ನೇ ಹುಡುಕ್ತಿದ್ದೀಯ ರೋಸೆಲ್? ನಿಮ್ಮಪ್ಪನ್ನಾ? ಅವನು ಹೋಗಿ ಒಂದು ಗಂಟೆ ಆಯ್ತಲ್ಲ."

"ಎಲ್ಲಿಗೆ ಅಂತ ಹೇಳಿದ್ರಾ?"

"ಕೆಲಸಕ್ಕೆ ಅಂದ! ಕೆಲಸ ಬಿಟ್ಟು ಹದಿನೇಳು ವರ್ಷ ಆದ್ಮೇಲೆ ಯಾವ ಕೆಲಸವೋ ಲೂಷಿಯಸ್ ಅಂದೆ. 'ನಿನ್ನಂಥೋರು ಟೋಪಿ ಇಟ್ಕೊಂಡು ಹಳಿ ಮೇಲೆ ಕುಣಿಯೋಕೆ ಬರ್ತಾರಲ್ಲ, ಅವರನ್ನ ಕಾಯೋ ಕೆಲಸ' ಅಂದ. ನನ್ನ ಟೋಪಿ ಮೇಲೆ ಅವನ ಕಣ್ಣು ಬೀಳ್ದೇ ಇರೋ ಭಾನುವಾರವೇ ಇಲ್ಲ ಬಿಡು."

"ಪೊಲೀಸ್‌ನೋರು ತಡೀಲಿಲ್ವಾ?"

"ಯಾಕೆ ತಡೀತಾರೆ? ಆ ಕಿತ್ತಳೆ ಜಾಕೀಟು ಹಾಕಿದ್ನಲ್ಲ! ಮೂಲೇಲಿ ನಿಂತಿದ್ದ ಪೊಲೀಸು ನಮಸ್ಕಾರ ಬೇರೆ ಹಾಕ್ದ. ನನ್ನ ಕೈಚೀಲ ಮಾತ್ರ ಎರಡು ಸಲ ಬಿಚ್ಚಿಸ್ದ. ಈ ಮಂಡಿ ಇಟ್ಕೊಂಡು ನಾನು ಬಾಂಬ್ ಹೊತ್ಕೊಂಡು ತಿರುಗ್ತೀನಂತೆ!"

ನನಗೆ ನಗು ಬರಲಿಲ್ಲ. "ನಿನ್ನ ಮುಖ ಯಾಕೆ ಹಿಂಗಿದೆ?" ಎಂಬ ಅವಳ ಪ್ರಶ್ನೆ ಬೇಲಿಯ ಬಳಿಯೇ ಉಳಿಯಿತು.

ನಡೆಯುತ್ತಲೇ ಮಗಳಿಗೆ ಫೋನ್ ಮಾಡಿದೆ. ಇಪ್ಪತ್ತೆರಡರ ನೈಮಾ ಆ ಅಧ್ಯಕ್ಷನಿಗಾಗಿ ಆರು ತಿಂಗಳು ಮನೆ ಮನೆಯ ಬಾಗಿಲು ಬಡಿದಿದ್ದಳು. ಎರಡು ಕಡೆ ಅವಳ ಮೇಲೆ ನಾಯಿ ಬಿಟ್ಟಿದ್ದರು. ಈಗ ಚರ್ಚಿನ ಅರವತ್ತು ಜನರನ್ನು ಪ್ಲಾಟ್‌ಫಾರಮ್ಮಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದಳು.

"ಅಮ್ಮಾ, ಎಲ್ಲಿದ್ದೀಯ? ನಿಂಗೆ ಎದುರುಗಡೇನೇ ಜಾಗ ಹಿಡಿದಿದ್ದೀನಿ. ತಾತನ್ನೂ ಎಳ್ಕೊಂಡು ಬಾ."

"ಪಕ್ಕಕ್ಕೆ ಬಾ. ಮೆಲ್ಲಗೆ ಮಾತಾಡು. ತಾತನ ಡಬ್ಬಿ ಖಾಲಿ ಇದೆ."

ಯಾವ ಡಬ್ಬಿಯೆಂದು ಅವಳು ಕೇಳಲಿಲ್ಲ. ಅದನ್ನು ಮುಟ್ಟಿ ಏಟು ತಿನ್ನದ ಮಗು ನಮ್ಮ ಮನೆಯಲ್ಲಿ ಬೆಳೆದಿಲ್ಲ.

"ಪೊಲೀಸ್‌ಗೆ ಹೇಳ್ಬಿಡ್ತೀನಿ."

"ಹೇಳಕೂಡದು!"

"ಹೇಳ್ದಿದ್ರೆ ಅವರಾಗೇ ನೋಡ್ತಾರಮ್ಮ. ಆಗ ಅವರ ಕಣ್ಣಿಗೆ ಬೀಳೋದು ತಾತ ಅಲ್ಲ, ಯಾರೋ ಒಬ್ಬ."

"ಹೇಳಿದ್ರೆ ಅವರ ಕಿವಿಗೆ ಬೀಳೋದು ಒಂದೇ ಮಾತು. ಮದ್ದು. ಅದಾದ್ಮೇಲೆ ನೀನು ಏನು ಬಡ್ಕೊಂಡ್ರೂ ಕೇಳಿಸಲ್ಲ."

"ಕಾಲ ಬದಲಾಗಿದೆ ಕಣಮ್ಮ. ಇಲ್ದಿದ್ರೆ ನಾವೆಲ್ಲ ಇಲ್ಲಿ ಯಾತಕ್ಕೆ ನಿಂತಿದ್ದೀವಿ?"

"ನಿಂತಿರೋದು ನೀವು. ಬಂದೂಕು ಇರೋದು ಅವರ ಕೈಲಿ. ನಾನೇ ಹೋಗಿ ಕರ್ಕೊಂಡು ಬರ್ತೀನಿ. ಬಾಯಿ ಬಿಟ್ಟೀಯ, ಜೋಕೆ."

ಅವಳು ಆಗಲಿ ಎನ್ನಲಿಲ್ಲ. ಅಷ್ಟರಲ್ಲಿ ಮಾತು ಕಡಿಯಿತು. ಸಾವಿರ ಜನ ಒಂದೇ ಹೊತ್ತಿಗೆ ಫೋನ್ ಹಿಡಿದಿದ್ದರು.

ಅವನು ಎಲ್ಲಿರುತ್ತಾನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಜನರಿರುವ ಜಾಗದಿಂದ ಒಂದು ಮೈಲಿ ಆಚೆ ಪಟಾಕಿ ಕಟ್ಟಬೇಕು. ಅದಕ್ಕಿಂತ ಹತ್ತಿರದಲ್ಲಿ ಕಟ್ಟಿದರೆ ಗಾಡಿ ನಿಲ್ಲುವುದಕ್ಕೆ ದೂರ ಸಾಲದು. ಆಚೆಯ ಹಳಿಯ ಗಾಡಿಗಳು ಬರುವುದು ದಕ್ಷಿಣದಿಂದ. ಪ್ಲಾಟ್‌ಫಾರಮ್ಮಿನ ದಕ್ಷಿಣಕ್ಕೆ ಒಂದು ಮೈಲಿ ಎಂದರೆ ತಿರುವಿನ ಬಳಿ ಹಳಿಯ ಮೇಲೆ ಹಾದುಹೋಗುವ ರಸ್ತೆ ಸೇತುವೆ. ರಸ್ತೆಗಳನ್ನೆಲ್ಲ ಮುಚ್ಚಿದ್ದರು. ಉಳಿದಿದ್ದದ್ದು ಜೌಗಿನ ದಾರಿ.

ಜೌಗು ಹೆಪ್ಪುಗಟ್ಟಿತ್ತು. ನನ್ನೆತ್ತರಕ್ಕೂ ಮೀರಿದ ಜೊಂಡಿನ ನಡುವೆ, ಒಂದೊಂದು ಹೆಜ್ಜೆಗೂ ಮಂಜಿನ ಪದರ ಲಟಕ್ಕೆಂದು ಒಡೆಯುತ್ತಿತ್ತು. ಒಮ್ಮೆ ಎಡಗಾಲು ಮೊಣಕಾಲಿನವರೆಗೆ ಹೂತು, ಬೂಟು ತುಂಬ ನೀರಾಯಿತು. ಮೇಲೆ ಹೆಲಿಕಾಪ್ಟರ್ ಒಂದು ಸುತ್ತು ಹಾಕಿ, ಹೋಗಿ, ಮತ್ತೆ ಬಂದಿತು. ಹಿಂದಿರುಗಿ ಬಂದಾಗ ಅದು ಮುಂದೆ ಸಾಗಲಿಲ್ಲ. ಸೇತುವೆಯ ಮೇಲ್ಗಡೆ, ಹಗ್ಗಕ್ಕೆ ಕಟ್ಟಿದಂತೆ, ಒಂದೇ ಕಡೆ ನಿಂತಿತು.

ನೈಮಾ ಹೇಳಿಬಿಟ್ಟಿದ್ದಾಳೆ ಎಂದುಕೊಂಡೆ. ಓಡತೊಡಗಿದೆ.

ಜೊಂಡು ಮುಗಿದಲ್ಲಿ ರೈಲಿನ ಏರಿ. ಏರಿಯ ಮೇಲೆ, ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅಪ್ಪ ಆಚೆಯ ಹಳಿಯ ಮುಂದೆ ಮಂಡಿಯೂರಿ ಕುಳಿತಿದ್ದ. ಒಂದು ಬಿಲ್ಲೆ ಆಗಲೇ ಹಳಿಯ ಮೇಲೆ ಕೂತಿತ್ತು. ಅವನ ಬೆನ್ನು ಸೇತುವೆಯ ಕಡೆಗಿತ್ತು. ಸೇತುವೆಯ ಕಂಬಿಗೆ ರೈಫಲ್ ಊರಿ ಒಬ್ಬ ಪೊಲೀಸ್ ಗುರಿ ಹಿಡಿದಿದ್ದ. ಪಕ್ಕದಲ್ಲಿದ್ದ ಇನ್ನೊಬ್ಬನ ಕೈಯಲ್ಲಿ ಧ್ವನಿವರ್ಧಕ.

"ಮಿಸ್ಟರ್ ಟಿಲ್‌ಮನ್! ಕೈ ಮೇಲೆತ್ತಿ, ಸರ್!"

ಮೂವತ್ತಾರು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬಡಿದವನ ಕಿವಿ ಅದು. ಮೇಲೆ ಹೆಲಿಕಾಪ್ಟರ್ ಬೇರೆ. ಅಪ್ಪನಿಗೆ ಏನೂ ಕೇಳಿಸಲಿಲ್ಲ. ಕೂತಲ್ಲಿಂದಲೇ ಅವನು ತನ್ನ ಬಲಗೈಯನ್ನು ನಿಧಾನವಾಗಿ ಜಾಕೀಟಿನ ಜೇಬಿನೊಳಕ್ಕೆ ಇಳಿಬಿಟ್ಟ.

"ಕೈ ಹೊರಗೆ! ಕೈ ಹೊರಗೆ ತೆಗೀರಿ!"

ಏರಿಯನ್ನು ನಾನು ಹೇಗೆ ಹತ್ತಿದೆನೋ ನೆನಪಿಲ್ಲ. ಅಪ್ಪನಿಗೂ ಆ ರೈಫಲ್ಲಿಗೂ ನಡುವೆ ನಿಂತು, ಜೇಬಿನೊಳಗಿದ್ದ ಅವನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬಟ್ಟೆಯ ಮೂಲಕ ಎರಡನೆಯ ಬಿಲ್ಲೆಯ ಅಂಚು ನನ್ನ ಬೆರಳಿಗೆ ತಾಗಿತು.

ಅಪ್ಪ ತಲೆಯೆತ್ತಿದ. ಅವನ ಕಣ್ಣು ಮೊದಲು ಹೋದದ್ದು ನನ್ನ ಕಾಲಿನ ಕಡೆಗೆ.

"ಹಳಿ ಮೇಲೆ ನಿಂತಿದ್ದೀಯಲ್ಲೇ! ಇಳಿ, ಇಳಿ ಕೆಳಗೆ!"

"ಅಪ್ಪ, ಮೇಲೆ ನೋಡು."

"ಮೇಲೇನಿದೆ? ರೈಲು ಬರೋದು ಕೆಳಗೆ."

"ಮೇಡಂ, ಪಕ್ಕಕ್ಕೆ ಸರೀರಿ!" ಧ್ವನಿವರ್ಧಕ ಕಿರುಚಿತು. "ಅವರ ಕೈಲಿ ಇರೋದೇನು?"

"ಪಟಾಕಿ! ರೈಲಿನವರ ಪಟಾಕಿ! ಸದ್ದು ಬಿಟ್ರೆ ಇನ್ನೇನೂ ಮಾಡಲ್ಲ! ಇವರಿಗೆ ಕಿವಿ ಕೇಳಿಸಲ್ಲ!"

"ಪಕ್ಕಕ್ಕೆ ಸರೀರಿ, ಮೇಡಂ. ಇನ್ನೊಂದು ಸಲ ಹೇಳಲ್ಲ."

ನಾನು ಅಪ್ಪನ ಕಿವಿಯ ಬಳಿ ಬಾಗಿದೆ. ಅವನ ಬಾಯಿಂದ ಬಂದ ಬಿಸಿಯುಸಿರು ನನ್ನ ಕೆನ್ನೆಗೆ ತಾಕುತ್ತಿತ್ತು. "ಅಪ್ಪ, ಸೇತುವೆ ಮೇಲೆ ಬಂದೂಕು ಹಿಡಿದಿದ್ದಾರೆ. ಅದು ನಿನ್ನ ಕಡೆ ಇಲ್ಲ. ನನ್ನ ಬೆನ್ನ ಕಡೆ ಇದೆ."

ಜೇಬಿನೊಳಗಿನ ಕೈ ಸಡಿಲವಾಯಿತು. ಬಿಲ್ಲೆಯನ್ನು ಅಲ್ಲೇ ಬಿಟ್ಟು ಬರಿಗೈ ಹೊರಬಂದಿತು. ನನ್ನ ಹೆಗಲ ಮೇಲಿನಿಂದ ಸೇತುವೆಯನ್ನು ನೋಡಿದ ನನ್ನ ತಂದೆ ಎರಡೂ ಕೈಗಳನ್ನು ಎಷ್ಟು ಎತ್ತರಕ್ಕೆ ಎತ್ತಬಹುದೋ ಅಷ್ಟು ಎತ್ತಿದ.

ಅವರು ನಾಲ್ವರು ಓಡಿಬಂದರು. ನಮ್ಮಿಬ್ಬರ ಕೈಗಳನ್ನೂ ಬೆನ್ನ ಹಿಂದಕ್ಕೆ ಕಟ್ಟಿ, ಏರಿಯ ಕೆಳಗೆ, ಜೊಂಡಿನ ಅಂಚಿನಲ್ಲಿ ಮಂಡಿಯೂರಿಸಿದರು. ರೇಡಿಯೋದಲ್ಲಿ ಮಾತಿನ ಮೇಲೆ ಮಾತು. ಅಧ್ಯಕ್ಷನ ರೈಲನ್ನು ನದಿಯಾಚೆ ನಿಲ್ಲಿಸಲಾಗಿದೆ ಎಂಬುದು ನನ್ನ ಕಿವಿಗೂ ಬಿದ್ದಿತು. ಹಳಿ ಕಾಣುವಲ್ಲೆಲ್ಲ ಜನ ಕಾಯುತ್ತಿದ್ದರು. ಆ ರೈಲು ಟಿಲ್‌ಮನ್ ಮನೆತನದ ದೆಸೆಯಿಂದ ನಿಂತಿತ್ತು.

ಹತ್ತು ನಿಮಿಷಕ್ಕೆ ಹಳಿಯ ಮೇಲೆ ಓಡುವ ಜೀಪೊಂದರಲ್ಲಿ ರೈಲ್ವೆಯ ಸೂಪರ್‌ವೈಸರ್ ಬಂದ. ಕೂದಲು ನೆರೆತ ಬಿಳಿಯ. ಹಳಿಯ ಮೇಲಿನ ಬಿಲ್ಲೆಯನ್ನು ಬಾಗಿ ನೋಡಿ, ಪೊಲೀಸರು ಬೇಡವೆನ್ನುತ್ತಿದ್ದಂತೆಯೇ ಪಟ್ಟಿ ಬಿಡಿಸಿ ಕೈಗೆತ್ತಿಕೊಂಡ.

"ಅಯ್ಯೋ ದೇವರೇ! ಇದನ್ನ ನೋಡಿ ಮೂವತ್ತು ವರ್ಷ ಆಗಿತ್ತು. ಕಟ್ಟಿದ್ದು ಯಾರು?"

"ನಾನು" ಎಂದ ಅಪ್ಪ.

"ಸರಿಯಾಗಿ ಕಟ್ಟಿದ್ದೀರಿ. ಪಟ್ಟಿ ಒಳಗಡೆಗೆ ಮಡಚಿದ್ದೀರಿ. ಈಗಿನ ಹುಡುಗರು..." ಅವನು ಪೊಲೀಸರ ಮುಖ ನೋಡಿ ಮಾತು ನಿಲ್ಲಿಸಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು, ಬೆರಳಿನಿಂದ ಬಿಲ್ಲೆಯನ್ನು ಬಿಚ್ಚಿ ತೋರಿಸಿದ. ಒಳಗಿನ ಮದ್ದು ಹಸಿಮಣ್ಣಿನಂತೆ ಕರಿಯ ಮುದ್ದೆಯಾಗಿತ್ತು. "ಸತ್ತು ಎಷ್ಟೋ ವರ್ಷ ಆಗಿದೆ, ಮೇಡಂ. ಇದರ ಮೇಲೆ ನೂರು ಡಬ್ಬಿ ಗೂಡ್ಸ್ ಓಡಿಸಿದ್ರೂ ಉಸಿರು ಬರ್ತಿರ್ಲಿಲ್ಲ."

"ಅಪ್ಪನಿಗೆ ಹೇಳ್ಬೇಡಿ" ಎಂದೆ.

ಅವನು ಅಪ್ಪನನ್ನು ನೋಡಿದ. ತಲೆಯಾಡಿಸಿ ಆ ಬಿಲ್ಲೆಯನ್ನೂ ಅಪ್ಪನ ಜೇಬಿನಿಂದ ತೆಗೆದಿದ್ದ ಇನ್ನೊಂದನ್ನೂ ಪೊಲೀಸರ ಚೀಲಕ್ಕೆ ಹಾಕಿದ.

ರೈಲು ಬಿಡಲು ಅಪ್ಪಣೆ ಹೋಯಿತು. ನಮ್ಮನ್ನು ಮಾತ್ರ ಏಳಗೊಡಲಿಲ್ಲ.

"ಪಟಾಕಿ ತೆಗೆದ್ಬಿಟ್ರಾ?" ಅಪ್ಪ ಕೇಳಿದ.

"ತೆಗೆದ್ರು."

"ಹಾಗಾದ್ರೆ ಆಚೆ ಹಳೀಗೆ ಯಾರಿದ್ದಾರೆ?"

"ಅಪ್ಪ, ಎಲ್ಲಾ ಗಾಡೀನೂ ನಿಲ್ಸಿದ್ದಾರೆ. ಅಪ್ಪಣೆ ಆಗಿದೆ."

"ಆವತ್ತೂ ಆಗಿತ್ತು." ಅವನು ಮಂಡಿಯಲ್ಲೇ ತೆವಳಿ ದಕ್ಷಿಣದ ತಿರುವಿನ ಕಡೆಗೆ ಮುಖ ಮಾಡಿದ. "ನಂಗೆ ದೂರ ಕಾಣಿಸಲ್ಲ. ನೀನು ನೋಡು. ತಿರುವಿನಲ್ಲಿ ಬೆಳಕು ಕಂಡ ತಕ್ಷಣ ಕೂಗು. ಅಧ್ಯಕ್ಷನ ಗಾಡಿ ನೋಡ್ತಾ ಕೂರ್ಬೇಡ. ನನ್ನಾಣೆ."

ಉತ್ತರದಿಂದ ರೈಲು ಬಂದಿತು. ಮೊದಲು ಜಲ್ಲಿ ಅದುರಿತು, ಆಮೇಲೆ ಮಂಡಿಯ ಮೂಳೆ. ಒಂದು ಮೈಲಿ ದೂರದ ಪ್ಲಾಟ್‌ಫಾರಮ್ಮಿನಿಂದ ಎದ್ದ ಕೇಕೆ ಗಾಳಿಯಲ್ಲಿ ತೇಲಿ ನಮ್ಮವರೆಗೂ ಮುಟ್ಟಿತು; ಇಷ್ಟು ಜನ ಒಟ್ಟಿಗೆ ಸಂತೋಷಪಡುವುದನ್ನು ನಮ್ಮೂರಿನಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. ನಮ್ಮ ಹಿಂದೆ ನಿಂತಿದ್ದ ಪೊಲೀಸರೂ ಅತ್ತ ತಿರುಗಿದ ಸದ್ದು. ನಲವತ್ತು ಹೆಜ್ಜೆ ದೂರದಲ್ಲಿ ಒಂದೊಂದೇ ಡಬ್ಬಿ ನಡಿಗೆಯ ವೇಗದಲ್ಲಿ ಸಾಗಿತು. ಕೊಂಚ ಕತ್ತು ಹೊರಳಿಸಿದ್ದರೆ ಸಾಕಿತ್ತು. ನಾನು ಹೊರಳಿಸಲಿಲ್ಲ. ಕಣ್ಣಂಚಿನಲ್ಲಿ ನೀಲಿ ಬಣ್ಣವೊಂದು ಸರಿಯಿತು, ಬಟ್ಟೆಯೊಂದು ಪಟಪಟನೆ ಹೊಡೆದುಕೊಂಡಿತು, ಯಾರದೋ ಕೈ ಗಾಳಿಯಲ್ಲಿ ಆಡಿತು. ನಾನು ಆಚೆಯ ಹಳಿಯನ್ನೇ ನೋಡುತ್ತಿದ್ದೆ. ತುಕ್ಕಿಲ್ಲದ, ಹೊಳೆಯುವ, ಬರಿಯ ಹಳಿ. ತಿರುವಿನಲ್ಲಿ ಒಮ್ಮೆ ಏನೋ ಮಿನುಗಿತು; ಕೂಗಲು ಬಾಯಿ ತೆರೆದೆ. ಅದು ಸಿಗ್ನಲ್ ಕಂಬದ ಮೇಲೆ ಬಿದ್ದ ಬಿಸಿಲು.

"ಬಂತಾ?"

"ಇಲ್ಲ."

"ಸರಿಯಾಗಿ ನೋಡು."

"ಇಲ್ಲ ಅಪ್ಪ. ಏನೂ ಬರ್ಲಿಲ್ಲ. ರೈಲು ಹೋಯ್ತು."

ಅವನು ಮುಂದಕ್ಕೆ ಕುಸಿದು ಹಣೆಯನ್ನು ಜಲ್ಲಿಗೆ ಊರಿದ. ಪೊಲೀಸನೊಬ್ಬ ಗಾಬರಿಯಿಂದ ಬಗ್ಗಿ, "ಸರ್, ಉಸಿರಾಡೋಕೆ ಆಗ್ತಿದೆಯಾ?" ಎಂದ. ಧ್ವನಿವರ್ಧಕ ಹಿಡಿದಿದ್ದವನೇ ಅವನು. ಮೂವತ್ತೂ ತುಂಬಿರದ ಬಿಳಿಯ, ಮೂಗು ಚಳಿಗೆ ಕೆಂಪಾಗಿತ್ತು.

"ಅವರ ಹೆಸರು ನಿಮ್ಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಸ್ಟೇಷನ್ನಲ್ಲಿ ಒಬ್ಬ ಹುಡುಗಿ ಹೇಳಿದ್ರಂತೆ. ರೇಡಿಯೋದಲ್ಲಿ ಬಂತು. ಹೆಸರು, ವಯಸ್ಸು, ಕಿವಿ ಮಂದ, ಯಾರಿಗೂ ತೊಂದ್ರೆ ಮಾಡೋರಲ್ಲ ಅಂತ. ಅದು ಬರೋಕೆ ಮುಂಚೆ ಹೆಲಿಕಾಪ್ಟರಿಂದ ಬಂದಿದ್ದು ಬೇರೆ ಥರ ಇತ್ತು, ಮೇಡಂ."

ಸೇತುವೆಯ ಕಂಬಿಯ ಮೇಲೆ ರೈಫಲ್ ಊರಿದ್ದ ಜಾಗವನ್ನು ಒಮ್ಮೆ ನೋಡಿದೆ.

ನನ್ನ ಕಟ್ಟು ಬಿಚ್ಚಿದರು. ಅಪ್ಪನದನ್ನು ಬಿಚ್ಚಲಿಲ್ಲ, ವಿಚಾರಣೆಗೆ ಬಾಲ್ಟಿಮೋರಿಗೆ ಕರೆದೊಯ್ಯಬೇಕಂತೆ, ಎಷ್ಟು ದಿನವೆಂದು ಅವರಿಗೂ ಗೊತ್ತಿಲ್ಲವಂತೆ. ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸುತ್ತಿದ್ದಾಗ ನೈಮಾ ರಸ್ತೆಯುದ್ದಕ್ಕೂ ಓಡಿಬಂದಳು. ಕೈಯಲ್ಲಿ ಕಾಗದದ ಬಾವುಟ. ನನ್ನೆದುರು ನಿಂತು, ಏದುಸಿರಿನಲ್ಲಿ, "ಬೈಯಿ. ಹೊಡಿ ಬೇಕಾದ್ರೆ" ಎಂದಳು. ನಾನು ಅವಳ ಮುಖವನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡೆ.

ಅಪ್ಪ ಕಾರಿನೊಳಗಿಂದ ಕೂಗಿದ. "ಏ ನೈಮಾ! ನೋಡ್ದೇನೇ ಅವನನ್ನ? ಹಿಂದಿನ ಡಬ್ಬೀಲಿ ನಿಂತಿದ್ನಾ? ಕೈ ಬೀಸ್ದನಾ? ಹೇಳು, ಹೇಗಿದ್ದ?"

ಅವನ ದನಿಯಲ್ಲಿ ಹಸಿವಿತ್ತು. ನಲವತ್ತು ವರ್ಷ ಬಾಯಿ ಕಟ್ಟಿದ್ದವನ ಹಸಿವು. ಮನೆಯಲ್ಲಿ ಒಬ್ಬರಾದರೂ ಅತ್ತ ನೋಡಿರಬೇಕು ಎಂಬ ಆಸೆ ಆ ಮುದಿಮುಖದ ಮೇಲೆ ಬೆತ್ತಲಾಗಿತ್ತು.

ನೈಮಾ ಬಾವುಟದ ಕಡ್ಡಿಯನ್ನು ಹೊಸೆದಳು.

"ಹೇಳೇ!"

"ನೋಡ್ಲಿಲ್ಲ ತಾತ. ಎಲ್ರೂ ಆ ಕಡೆ ತಿರುಗಿದ್ರು. ನಂಗೆ ಆಗ್ಲಿಲ್ಲ. ನಾನು ಹಿಂದೆ ತಿರುಗಿ ಆಚೆ ಹಳಿ ನೋಡ್ತಾ ನಿಂತ್ಬಿಟ್ಟೆ."

ಅಪ್ಪ ಅವಳನ್ನೇ ದಿಟ್ಟಿಸಿದ. ಅಮ್ಮ ಸತ್ತ ದಿನವೂ ಅವನ ಮುಖದಲ್ಲಿ ನಾನು ಅಂಥ ಸೋಲನ್ನು ಕಂಡಿರಲಿಲ್ಲ. ಪೊಲೀಸ್ ಬಾಗಿಲು ಮುಚ್ಚಿದ. ಗಾಜಿನಾಚೆ ಅಪ್ಪನ ತುಟಿಗಳು ಏನೋ ಹೇಳುತ್ತಲೇ ಇದ್ದವು; ಕಾರು ಚಲಿಸಿದ ಮೇಲೂ.